ಗಿರಿಜಮ್ಮ ಯಾರಿಗೆ ಹೆದರುತ್ತಿದ್ದರು?

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ಸರ್ಕಾರಿ ಆಸ್ಪತ್ರೆಯ ನರ್ಸಿಂಗ್ ಸೇವೆಯಿಂದ ನಿವೃತ್ತಳಾದೆ. ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಅರಕಲಗೂಡು ತಾಲ್ಲೂಕಿನಲ್ಲಿ ಒಂದು ವೀರಶೈವ ಮಠ ನಡೆಸುವ ವೃದ್ಧಾಶ್ರಮಕ್ಕೆ ಮೇಲ್ವಿಚಾರಕಿಯಾಗಿ ಸೇರಿದೆ. ಮಠದ ಹೆಸರನ್ನೂ ಅಲ್ಲಿದ್ದವರ ನಿಜವಾದ ಹೆಸರುಗಳನ್ನೂ ಇಲ್ಲಿ ಬಿಟ್ಟಿದ್ದೇನೆ. ನಾನು ಆ ಸಮುದಾಯದವಳಲ್ಲ. ನಮ್ಮದು ಹಾಸನದ ಬೌದ್ಧ ಕುಟುಂಬ. ಕೆಲಸಕ್ಕೆ ಕೇಳಿಕೊಂಡು ಹೋದಾಗ ಅದನ್ನು ಮೊದಲೇ ಹೇಳಿದೆ. ಸ್ವಾಮೀಜಿ, “ವಯಸ್ಸಾದವರನ್ನು ನೋಡ್ಕೊಳ್ಳೋಕೆ ಬರುತ್ತಲ್ಲ, ಅಷ್ಟು ಸಾಕು” ಎಂದು ನಕ್ಕು ಬೀಗದ ಕೈಗಳನ್ನು ಕೊಟ್ಟರು.

ಕಟ್ಟಡದ ಒಂದು ಕಡೆ ಹೆಂಗಸರು, ಇನ್ನೊಂದು ಕಡೆ ಗಂಡಸರು. ನಡುವೆ ಎಲ್ಲರೂ ಸೇರಿ ಉಣ್ಣುವ ದಾಸೋಹದ ಹಾಲ್. ಬೆಳಗ್ಗೆ ಸ್ನಾನ ಮುಗಿಸಿ ಅವರವರ ಇಷ್ಟಲಿಂಗ ಪೂಜೆ, ಆಮೇಲೆ ತಿಂಡಿ. ಮಧ್ಯಾಹ್ನಕ್ಕೆ ಮುದ್ದೆ, ಸೊಪ್ಪಿನ ಸಾರು. ಆಸ್ಪತ್ರೆಯ ಗದ್ದಲದಿಂದ ಬಂದ ನನಗೆ ಇಲ್ಲಿ ಅಂಥ ಕಷ್ಟವೇನೂ ಇರಲಾರದು ಅನ್ನಿಸಿತ್ತು.

ಗಿರಿಜಮ್ಮ ಬಂದದ್ದು ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ. ಚನ್ನರಾಯಪಟ್ಟಣದ ಕಡೆಯವರು. ಗಂಡ ಮಲ್ಲಪ್ಪ ಅಲ್ಲಿ ದಿನಸಿ ಮಂಡಿ ಇಟ್ಟಿದ್ದವರು, ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಶಶಿಕಲಾ, ಹೊಳೆನರಸೀಪುರದಲ್ಲಿ ಹೈಸ್ಕೂಲ್ ಟೀಚರ್. ತಾಯಿಯನ್ನು ತನ್ನ ಜೊತೆಯಲ್ಲೇ ಇಟ್ಟುಕೊಂಡಿದ್ದಳು. ಆದರೆ ಮಗಳು ಶಾಲೆಗೆ ಹೋದ ಮೇಲೆ ತಾಯಿ ಗ್ಯಾಸ್ ತಿರುಗಿಸಿ ಹಚ್ಚುವುದನ್ನು ಮರೆಯುವುದು, ಬಸ್ ನಿಲ್ದಾಣದವರೆಗೆ ನಡೆದುಹೋಗಿ ಮನೆಯ ದಾರಿ ತಿಳಿಯದೆ ನಿಲ್ಲುವುದು ಶುರುವಾಗಿತ್ತು. ವೈದ್ಯರು ಡಿಮೆನ್ಷಿಯಾ ಎಂದಿದ್ದರು. ಸರಳವಾಗಿ ಹೇಳುವುದಾದರೆ, ನೆನಪಿನ ಜೊತೆಗೆ ಇಂದು ಯಾವುದು, ಅಂದು ಯಾವುದು ಎಂಬ ತಿಳಿವಳಿಕೆಯನ್ನೂ ಮೆಲ್ಲಗೆ ಕಸಿಯುವ ಕಾಯಿಲೆ. ಬಿಟ್ಟುಹೋಗುವಾಗ ಶಶಿಕಲಾ ಅತ್ತಳು. ಪ್ರತಿ ಭಾನುವಾರ ಬರುತ್ತೇನೆ ಎಂದಳು. ಹಾಗೆಯೇ ಬರುತ್ತಲೂ ಇದ್ದಳು.

ಮೊದಲ ವಾರಗಳಲ್ಲಿ ಗಿರಿಜಮ್ಮನಿಂದ ನಮಗೆ ಯಾವ ತೊಂದರೆಯೂ ಆಗಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ತಟ್ಟೆಗೆ ಕೈಯನ್ನೇ ಹಾಕಲಿಲ್ಲ. ಯಾಕಜ್ಜಿ ಎಂದರೆ, ಗಂಡಸರ ಸಾಲಿನ ಕಡೆ ಕಣ್ಣು ತೋರಿಸಿ, “ಅವ್ರು ಇನ್ನೂ ಉಂಡಿಲ್ಲ ಕಣವ್ವ” ಎಂದರು. ಅವರು ತೋರಿಸಿದ್ದು ಗುರುಸಿದ್ದಪ್ಪನವರನ್ನು.

ಗುರುಸಿದ್ದಪ್ಪ ಕೊಣನೂರು ಕಡೆಯವರು. ಗೊರೂರಿನಲ್ಲಿ ನೀರಾವರಿ ಇಲಾಖೆಯ ನೌಕರಿಯಲ್ಲಿದ್ದು ಅಲ್ಲಿನ ಕ್ವಾರ್ಟರ್ಸ್‌ನಲ್ಲೇ ಆಯುಸ್ಸು ಕಳೆದವರು. ಮಕ್ಕಳಿರಲಿಲ್ಲ. ಹೆಂಡತಿ ಹೋದ ಮೇಲೆ ಆಶ್ರಮವೇ ಮನೆಯಾಗಿತ್ತು. ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬೇರೆಯವರ ತಟ್ಟೆಯಲ್ಲಿ ಸಾರು ಮುಗಿದದ್ದನ್ನು ಬಡಿಸುವವರಿಗಿಂತ ಮೊದಲು ಗಮನಿಸುವ ಮನುಷ್ಯ.

ಗಿರಿಜಮ್ಮನಿಗೆ ಅವರು ಗಂಡನಂತೆ ಕಂಡದ್ದು ಯಾಕೆಂದು ನನಗೆ ಇಂದಿಗೂ ತಿಳಿಯದು. ಮಲ್ಲಪ್ಪನವರ ಭಾವಚಿತ್ರವನ್ನು ಶಶಿಕಲಾಳ ಮೊಬೈಲಿನಲ್ಲಿ ನೋಡಿದ್ದೆ. ಆತ ಎತ್ತರದ, ದಪ್ಪ ಮೀಸೆಯ ಆಳು. ಇವರು ಕುಳ್ಳು, ಮೀಸೆಯೇ ಇಲ್ಲ. ಮೊದಮೊದಲು ನಮ್ಮ ಕೆಲಸದವರಿಗೆ ಇದೊಂದು ತಮಾಷೆಯಾಗಿತ್ತು. “ತಾತ, ನಿಮ್ಮ ಮನೆಯೋರು ಕಾಯ್ತಾವ್ರೆ, ಬೇಗ ಬನ್ನಿ” ಎಂದು ರೇಗಿಸುತ್ತಿದ್ದರು. ಗುರುಸಿದ್ದಪ್ಪ ನಾಚಿಕೊಂಡು ತಲೆ ತಗ್ಗಿಸುತ್ತಿದ್ದರು. ನಾನೂ ನಕ್ಕಿದ್ದುಂಟು.

ಆ ನಗು ನಿಂತದ್ದು ಒಂದು ಬೆಳಗ್ಗೆ. ತಿಂಡಿಯ ಹೊತ್ತಿನಲ್ಲಿ ಜೋರು ಗಾಳಿ ಬೀಸಿ ಹಾಲ್‌ನ ಕಿಟಕಿ ಬಡಿದುಕೊಳ್ಳತೊಡಗಿತು. ಗುರುಸಿದ್ದಪ್ಪ ಎದ್ದು ಬಂದು, ಕಿಟಕಿಯ ಪಕ್ಕ ಕೂತಿದ್ದ ಗಿರಿಜಮ್ಮನ ತಲೆಯ ಮೇಲಿಂದ ಕೈ ಚಾಚಿ ಚಿಲಕ ಹಾಕಲು ಹೋದರು. ಗಿರಿಜಮ್ಮ ಕುರ್ಚಿಯಿಂದ ಜಾರಿ ನೆಲಕ್ಕೆ ಕುಕ್ಕರಿಸಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡರು.

“ಒಡೀಬ್ಯಾಡಿ! ನಾನು ಎಲ್ಲೂ ಓಗಿರ್ನಿಲ್ಲ! ಒಡೀಬ್ಯಾಡಿ!”

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನನಗೆ ಆ ಭಂಗಿ ಹೊಸದಲ್ಲ. “ಬಾತ್‌ರೂಮಲ್ಲಿ ಜಾರಿ ಬಿದ್ದೆ” ಎಂದು ಹೇಳುತ್ತ ಬರುವ ಹೆಂಗಸರು, ಜೊತೆಗಿದ್ದ ಗಂಡ ಸುಮ್ಮನೆ ಜೇಬಿಗೆ ಕೈ ಹಾಕಿದರೂ ಹೀಗೇ ಮುದುಡುತ್ತಿದ್ದರು.

ಗುರುಸಿದ್ದಪ್ಪ ಕಿಟಕಿಯನ್ನು ಹಾಗೇ ಬಿಟ್ಟು ಹಿಂದೆ ಸರಿದರು. ಆಮೇಲೆ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತರು. “ನಮ್ಮನೆಯೋಳಿಗೆ ನಾನು ಒಂದಿನಾನೂ ಕೈ ಎತ್ತಿಲ್ಲ ಸಿಸ್ಟ್ರಮ್ಮ. ಬೈದಿರೋದೂ ಕಮ್ಮಿ. ಈ ಅಮ್ಮ ನನ್ನ ನೋಡಿ ನಡುಗ್ತದಲ್ಲ, ನಾನೇನು ಮಾಡ್ಲಿ?”

ಅಂದಿನಿಂದ ಅವರು ತಮ್ಮ ಕೋಣೆಯಲ್ಲೇ ಊಟ ಮಾಡತೊಡಗಿದರು. ಕಣ್ಣಿಗೆ ಬೀಳದಿದ್ದರೆ ಗಿರಿಜಮ್ಮ ಮರೆತಾರು ಎಂಬುದು ನಮ್ಮ ಲೆಕ್ಕಾಚಾರ. ಆದದ್ದು ತದ್ವಿರುದ್ಧ. ಗಿರಿಜಮ್ಮ ಊಟದ ಹೊತ್ತಿಗೆ ಬಾಗಿಲ ಕಡೆಗೇ ನೋಡುತ್ತ ಕೂರುವರು. “ಅವ್ರು ಬರ್ನಿಲ್ಲ. ನಾನು ಮೊದ್ಲೇ ಉಂಡ್ರೆ ಆಯ್ತದಾ?” ಎನ್ನುವರು. ತುತ್ತು ಬಾಯಿಗಿಟ್ಟರೆ ಉಗಿಯುವರು. ಎದುರಿಗಿದ್ದರೆ ಭಯ, ಇಲ್ಲದಿದ್ದರೆ ಇನ್ನೂ ಹೆಚ್ಚು ಭಯ. ಮೊದಲೇ ಸಣಕಲು ಜೀವ; ತಿಂಗಳು ತುಂಬುವುದರೊಳಗೆ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಹಾಸನದ ಮನೋವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಮಾತ್ರೆ ಬದಲಿಸಿದರು. ನಾನು ನೇರವಾಗಿ ಕೇಳಿದೆ: “ಡಾಕ್ಟರ್, ಇವರ ಗಂಡ ನಿಜವಾಗಿ ಹೊಡೀತಿದ್ದರಾ, ಇಲ್ಲ ಇದು ಕಾಯಿಲೆಯ ಕಲ್ಪನೆಯಾ?” ಅವರು ಹೇಳಿದರು: “ಈ ಕಾಯಿಲೆ ನಡೆಯದೇ ಇರೋದನ್ನ ನಡೀತು ಅಂತ ನಂಬಿಸುತ್ತೆ. ಜೀವಮಾನವೆಲ್ಲ ಅದುಮಿಟ್ಟಿದ್ದನ್ನ ಹೊರಗೂ ಹಾಕುತ್ತೆ. ಇವರದ್ದು ಯಾವುದು ಅಂತ ನಾನು ಹೇಳಲಾರೆ ಸಿಸ್ಟರ್.” ರೋಗ ಗೊತ್ತಾಗದೆ ಉಪಚಾರ ಶುರು ಮಾಡಬಾರದು ಎಂದು ಕಲಿತು ಬಂದವಳು ನಾನು. ಮರಳುವ ಬಸ್ಸಿನಲ್ಲಿ ಗಿರಿಜಮ್ಮ ನನ್ನ ತೋಳಿಗೊರಗಿ ನಿದ್ದೆ ಮಾಡುತ್ತಿದ್ದರು. ನನ್ನ ತಲೆ ಮಾತ್ರ ಇನ್ನಷ್ಟು ಗೋಜಲಾಗಿತ್ತು.

ಮುಂದಿನ ಭಾನುವಾರ ಶಶಿಕಲಾಳಿಗೆ ವಿಷಯ ತಿಳಿಸಲೇಬೇಕಾಯಿತು. ಎಷ್ಟೇ ಜೋಪಾನವಾಗಿ ಹೇಳಿದರೂ ಅವಳ ಮುಖ ಕೆಂಪಾಯಿತು. “ನಮ್ಮಪ್ಪ ಅಂಥೋರಲ್ಲ ಸಿಸ್ಟರ್. ಪೇಟೇಲಿ ಯಾರನ್ನ ಬೇಕಾದ್ರೂ ಕೇಳಿ. ನನ್ನನ್ನ ಓದ್ಸಿದ್ದು ಅವರು. ಅಮ್ಮನ ತಲೆ ಸರಿಯಿಲ್ಲ ಅಂತ, ಸತ್ತೋರ ಮೇಲೆ ಇಂಥದ್ದೆಲ್ಲ ಹೊರಿಸ್ಬೇಡಿ.” ಅವಳ ಕಣ್ಣಲ್ಲಿದ್ದದ್ದು ಸಿಟ್ಟೋ ಗಾಬರಿಯೋ ನನಗೆ ಗೊತ್ತಾಗಲಿಲ್ಲ. ಅವಳು ಸುಳ್ಳು ಹೇಳುತ್ತಿಲ್ಲ ಎಂಬುದು ಮಾತ್ರ ಖಚಿತವಿತ್ತು.

ಸ್ವಾಮೀಜಿಗೆ ಎಲ್ಲವನ್ನೂ ಒಪ್ಪಿಸಿದೆ. ಇಬ್ಬರಲ್ಲಿ ಒಬ್ಬರನ್ನು ಬೇರೆ ಕಡೆಗೆ ಕಳಿಸುವುದು ಅವರಿಗೆ ತೋಚಿದ ದಾರಿ. ಗಿರಿಜಮ್ಮನನ್ನು ಹೊಸ ಜಾಗಕ್ಕೆ ಹಾಕಿದರೆ ಇರುವಷ್ಟು ನೆಲೆಯೂ ತಪ್ಪುತ್ತದೆ. ಹಾಗಾಗಿ ಗುರುಸಿದ್ದಪ್ಪನವರಿಗೆ ಪರಿಚಯದ ಇನ್ನೊಂದು ಆಶ್ರಮದಲ್ಲಿ ಜಾಗ ಕೇಳುವುದೆಂದು ಮಾತಾಯಿತು. ಅವರನ್ನು ಕರೆಸಿ ಹೇಳಿದಾಗ ಕೈ ಮುಗಿದುಕೊಂಡು ನಿಂತೇ ಇದ್ದರು.

“ಓಗು ಅಂದ್ರೆ ಓಗ್ತೀನಿ ಬುದ್ಧಿ. ಆದ್ರೆ ನಾನು ಓದ್ರೆ ಆ ಅಮ್ಮ ಉಣ್ತದಾ?”

ಸ್ವಾಮೀಜಿ ನನ್ನ ಮುಖ ನೋಡಿದರು.

ಮರುದಿನ ಮಧ್ಯಾಹ್ನ, ಎಲ್ಲರ ಊಟ ಮುಗಿದು ಹಾಲ್ ಖಾಲಿಯಾಗಿತ್ತು. ಗಿರಿಜಮ್ಮ ಒಬ್ಬರೇ ಆರಿದ ಮುದ್ದೆಯ ಮುಂದೆ ಕೂತಿದ್ದರು. ನಾನು ಚಮಚದಲ್ಲಿ ಮಜ್ಜಿಗೆ ಕುಡಿಸಲು ನೋಡುತ್ತಿದ್ದೆ. ಆಗ ಗುರುಸಿದ್ದಪ್ಪ ಬಂದರು. ಗಿರಿಜಮ್ಮ ಸೆರಗು ಎಳೆದುಕೊಂಡು ಗೋಡೆಗೆ ಒತ್ತಿಕೊಂಡರು. ಗುರುಸಿದ್ದಪ್ಪ ಹತ್ತಿರ ಬರಲಿಲ್ಲ. ನಾಲ್ಕು ಮಾರು ದೂರದಲ್ಲೇ, ಮಂಡಿ ನೋವಿನಿಂದ ನರಳುತ್ತ, ನೆಲದ ಮೇಲೆ ಕೂತರು. ಎರಡೂ ಕೈಗಳನ್ನು ತೊಡೆಯ ಮೇಲೆ, ಅಂಗೈ ಕಾಣುವಂತೆ ಇಟ್ಟುಕೊಂಡರು. ಕುರ್ಚಿಯಲ್ಲಿದ್ದ ಗಿರಿಜಮ್ಮನನ್ನು ತಲೆಯೆತ್ತಿ ನೋಡಿದರು.

“ಗಿರಿಜಾ, ನನ್ನಿಂದ ತಪ್ಪಾಯ್ತು. ಇನ್ಮೇಲೆ ಕೈ ಎತ್ತಾಕಿಲ್ಲ. ನನ್ನ ಕಾಯ್ಬ್ಯಾಡ, ನೀನು ಉಣ್ಣು.”

ನಾನು ಚಮಚ ಹಿಡಿದುಕೊಂಡೇ ಉಳಿದೆ. ತಡೆಯಬೇಕೋ ಬೇಡವೋ ತಿಳಿಯಲಿಲ್ಲ. ಗಿರಿಜಮ್ಮ ಬಹಳ ಹೊತ್ತು ಅವರನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವರಂತೆ, “ಶಶಿಗೆ ಗೊತ್ತಾಗ್ಬಾರ್ದು” ಎಂದರು.

ಬಾಗಿಲಲ್ಲಿ ಏನೋ ಬಿದ್ದ ಸದ್ದಾಯಿತು. ತಾಯಿ ಊಟ ಬಿಟ್ಟಿದ್ದಾರೆಂದು ಶಾಲೆಗೆ ರಜೆ ಹಾಕಿ ಬಂದಿದ್ದ ಶಶಿಕಲಾ ಅಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ನೆಲದ ಮೇಲಿತ್ತು. ಅವಳು ನೇರ ಗುರುಸಿದ್ದಪ್ಪನವರ ಬಳಿ ಬಂದಳು.

“ನಮ್ಮಪ್ಪನ ಹೆಸರಲ್ಲಿ ತಪ್ಪು ಒಪ್ಕೊಳ್ಳೋಕೆ ನೀವ್ಯಾರು?”

“ಗೊತ್ತಿಲ್ಲ ಕಣವ್ವ” ಎಂದರು ಅವರು. ನೆಲದಿಂದ ಏಳಲು ಅವರಿಗೆ ಆಗುತ್ತಿರಲಿಲ್ಲ. “ಉಣ್ಣಲಿ ಅಂತ ಅಂಗಂದೆ. ತಪ್ಪಾಗಿದ್ರೆ ನೀನು ನಂಗೆ ಬೈಯಿ.”

ಶಶಿಕಲಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ತಟ್ಟೆಯ ಸದ್ದಾಯಿತು. ಗಿರಿಜಮ್ಮ ಆರಿದ ಮುದ್ದೆಯನ್ನು ಮುರಿದು ಸಾರಿಗೆ ಅದ್ದುತ್ತಿದ್ದರು. ನಾವು ಮೂವರೂ ಅವರು ಉಣ್ಣುವುದನ್ನೇ ನೋಡಿದೆವು.

ಗುರುಸಿದ್ದಪ್ಪನವರನ್ನು ಕಳಿಸುವ ಮಾತು ಅಲ್ಲಿಗೆ ನಿಂತಿತು. ಮುಂದಿನ ಭಾನುವಾರ ಶಶಿಕಲಾ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನಿನಲ್ಲಿ, “ಊಟ ಮಾಡ್ತಾರಾ?” ಎಂದು ಕೇಳಿ ಇಟ್ಟುಬಿಡುವಳು. ಊಟ ಮಾಡುತ್ತಿದ್ದರು. ಕೆಲವು ದಿನ ಹೇಳಿದ್ದು ಮರೆತುಹೋಗಿ ಭಯ ಮರಳುತ್ತಿತ್ತು. ಆಗ ಗುರುಸಿದ್ದಪ್ಪ ಮತ್ತೆ ನೆಲದ ಮೇಲೆ ಕೂತು ಅದೇ ಮಾತು ಹೇಳುವರು. ಒಮ್ಮೆ ನನ್ನನ್ನು ಕೇಳಿದರು: “ಮಠದೊಳ್ಗೆ ಕೂತ್ಕಂಡು ಸುಳ್ಳು ಏಳ್ತಾ ಇವ್ನಾ ನಾನು?” ನಾನು ಅದನ್ನೇ ಸ್ವಾಮೀಜಿಯ ಮುಂದಿಟ್ಟೆ. “ಸುಳ್ಳು ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ, ನಿಜ ಅಂತ ಹೇಳೋಕೆ ತಿಳಿವಳಿಕೆ ಇಲ್ಲ” ಎಂದರು. ಅಷ್ಟು ಓದಿಕೊಂಡವರೂ ಹೀಗೆಂದದ್ದು ನನಗೆ ಒಂಥರಾ ಸಮಾಧಾನ ತಂದಿತು.

ಶಶಿಕಲಾ ಕೊನೆಗೂ ಬಂದದ್ದು ಒಂದು ಸಂಜೆ, ಶಾಲೆ ಮುಗಿಸಿಕೊಂಡು. ತಾಯಿಯ ತಲೆ ಬಾಚಿ ಹೆರಳು ಹಾಕಿದಳು. ಹೊರಗೆ ಬಂದು ಜಗಲಿಯಲ್ಲಿ ನನ್ನ ಪಕ್ಕ ಕೂತಳು.

“ಚಿಕ್ಕೋಳಿದ್ದಾಗ ಅಮ್ಮ ನನ್ನ ಆಗಾಗ ಅರಕಲಗೂಡಿನ ಅಜ್ಜಿ ಮನೆಗೆ ಕಳಿಸ್ತಿದ್ರು ಸಿಸ್ಟರ್. ಶಾಲೆ ಇದ್ದಾಗ್ಲೂ. ಅಜ್ಜಿಗೆ ನಾನಂದ್ರೆ ಪ್ರೀತಿ, ಅದಕ್ಕೆ ಅಂದ್ಕೊಂಡಿದ್ದೆ.” ಆಮೇಲೆ, “ಅಷ್ಟೇ ಇದ್ರೂ ಇರಬಹುದು ಅಲ್ವಾ?” ಎಂದಳು.

“ಇರಬಹುದು” ಎಂದೆ.

ಗಿರಿಜಮ್ಮ ಮರುವರ್ಷದ ಚಳಿಗಾಲದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಬೆಳಗ್ಗೆಯೇ ಬಂದ ಶಶಿಕಲಾ ತಾಯಿಯ ಕಾಲ ಬಳಿ ಕೂತಳು. ಚನ್ನರಾಯಪಟ್ಟಣದಿಂದ ಬಂದ ನೆಂಟರು ಗಾಡಿ ಗೊತ್ತು ಮಾಡುತ್ತಿದ್ದರು. ಅಲ್ಲಿನ ಅವರ ತೋಟದಲ್ಲಿ ಮಲ್ಲಪ್ಪನವರ ಸಮಾಧಿಯಿದೆ, ಅದರ ಪಕ್ಕದಲ್ಲೇ ಹೆಂಡತಿಗೆಂದು ಜಾಗ ಬಿಟ್ಟಿದ್ದಾರೆ ಎಂಬುದು ನನಗೆ ತಿಳಿದದ್ದು ಆಗಲೇ. ಶಶಿಕಲಾ ಎದ್ದು ಸ್ವಾಮೀಜಿಯ ಬಳಿ ಹೋಗಿ, “ಬುದ್ಧಿ, ಮಠದ ಜಾಗದಲ್ಲೇ ಮಣ್ಣು ಮಾಡಬಹುದಾ?” ಎಂದು ಕೇಳಿದಳು. ನೆಂಟರು ಕೂಗಾಡಿದರು. ಅವಳು ಯಾರಿಗೂ ಕಾರಣ ಹೇಳಲಿಲ್ಲ. ಅವರ ಪದ್ಧತಿಯಂತೆ ಗುಂಡಿಯೊಳಗೆ ವಿಭೂತಿ, ಬಿಲ್ವಪತ್ರೆಗಳ ನಡುವೆ ಗಿರಿಜಮ್ಮನನ್ನು ಕೂರಿಸಿ, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಗುರುಸಿದ್ದಪ್ಪ ದೂರದಲ್ಲೇ ನಿಂತಿದ್ದರು. ಶಶಿಕಲಾ ಹೋಗಿ ಅವರ ಕೈ ಹಿಡಿದು ಕರೆತಂದಳು.

ಎಲ್ಲ ಮುಗಿದು ಕೈ ತೊಳೆಯುವಾಗ ಅವಳು ನನ್ನನ್ನು ಕೇಳಿದಳು: “ಅಪ್ಪ ಅಂಥೋರಲ್ಲ ಅಂತಾದ್ರೆ, ಇವತ್ತು ನಾನು ಅವರಿಗೆ ಎಷ್ಟು ದೊಡ್ಡ ಅನ್ಯಾಯ ಮಾಡಿದ ಹಾಗಾಯ್ತು ಸಿಸ್ಟರ್?” ನಾನು ಅವಳ ಕೈಗೆ ನೀರು ಹಾಕುತ್ತಲೇ ಇದ್ದೆ.

ಮಲ್ಲಪ್ಪ ಎಂಥವರು ಎಂಬುದು ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆದರೆ ಗಿರಿಜಮ್ಮನ ಭಯವಂತೂ ನಿಜವಾಗಿತ್ತು, ಮತ್ತು ಅದಕ್ಕೆ ಉಪಚಾರ ಮಾಡಲು ಅದರ ಮೂಲ ಪತ್ತೆಯಾಗುವವರೆಗೆ ಕಾಯುವಂತಿರಲಿಲ್ಲ. ಇಡೀ ಸೇವಾವಧಿಯಲ್ಲಿ ಕಲಿಯದ ಇದನ್ನು ನಾನು ಕಲಿತದ್ದು ಆ ಆಶ್ರಮದಲ್ಲಿ. ಈಗ ಆರೈಕೆಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಬಿ.ಪಿ. ನೋಡುವುದನ್ನು ಕಲಿಸುವ ಮೊದಲು ಹೇಳುತ್ತೇನೆ: ವಯಸ್ಸಾದವರ ಬಳಿ ಹಿಂದಿನಿಂದ ಹೋಗಬೇಡಿ, ಎದುರಿನಿಂದ ಹೋಗಿ. ಅವರಿಗಿಂತ ತಗ್ಗಿನಲ್ಲಿ ಕೂರಿ. ಕೈಗಳು ಅವರಿಗೆ ಕಾಣುವಂತಿರಲಿ. ಯಾಕೆ ಎಂದು ಕೆಲವರು ಕೇಳುತ್ತಾರೆ. ಅವರು ಯಾರನ್ನು ನೋಡುತ್ತಿದ್ದಾರೋ ನಮಗೆ ಗೊತ್ತಿರುವುದಿಲ್ಲ ಎನ್ನುತ್ತೇನೆ.