ಪರೀಕ್ಷೆಯ ದಿನ ಎಳೆದ ರಂಪಣಿ ಹಗ್ಗ

೧೯೪೬ನೇ ಇಸವಿ. ದಸರೆ ರಜೆ ಮುಗಿದು ಶಾಲೆ ಶುರುವಾಗಿ ಒಂದು ವಾರವಾಗಿತ್ತು. ನಾನು ಕುಮಟೆಯ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ದೊಡ್ಡ ಮಾತಾಯಿತು, ತರಗತಿಯಲ್ಲಿ ಕೂತಿರುತ್ತಿದ್ದೆ. ನನ್ನ ಜೀವವೆಲ್ಲ ಇದ್ದದ್ದು ಸ್ಕೌಟಿನಲ್ಲಿ.

ಆಗ ಸ್ಕೌಟಿನಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಗೆ ಕಿಂಗ್ಸ್ ಸ್ಕೌಟ್ ಎನ್ನುತ್ತಿದ್ದರು. ಈಗಿನ ರಾಷ್ಟ್ರಪತಿ ಸ್ಕೌಟ್ ಇದ್ದ ಹಾಗೆ. ನಮ್ಮ ಶಾಲೆಯಲ್ಲಿ ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ. ಪ್ರಥಮ ಚಿಕಿತ್ಸೆ, ದಾರಿ ತೋರುವುದು, ಈಜು, ಅಡುಗೆ ಎಂದು ನಾಲ್ಕು ವರ್ಷ ಒಂದೊಂದೇ ಪರೀಕ್ಷೆ ಕೊಟ್ಟು ಬ್ಯಾಜು ಗಳಿಸಿದ್ದೆ. ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದಿದ್ದ ನಮ್ಮ ಸೋದರಮಾವ ಮನೆಗೆ ಬಂದಾಗಲೆಲ್ಲ ಚುಚ್ಚುತ್ತಿದ್ದ: "ದೇಶಕ್ಕೆ ದೇಶವೇ ರಾಜನ್ನ ಓಡಿಸೂಕೆ ನಿಂತಿದೆ, ನೀ ರಾಜನ ಸ್ಕೌಟ್ ಆಗ್ತೆಯೇನೋ?" ನಾನೂ ಬಿಡುತ್ತಿರಲಿಲ್ಲ. "ರಾಜ ಯಾರೇ ಇರ್ಲಿ ಮಾವಾ, ಗಂಟು ಹಾಕೂಕೆ ಕಲ್ತಿದ್ದು ನಾನಲ್ವಾ?" ಎನ್ನುತ್ತಿದ್ದೆ.

ಉಳಿದಿದ್ದದ್ದು ಒಂದೇ ಪರೀಕ್ಷೆ, ಬಾವುಟ ಬೀಸಿ ಸಂದೇಶ ಕಳಿಸುವುದು. ಎರಡು ಕೈಯಲ್ಲಿ ಎರಡು ಬಾವುಟ. ಕೈ ಯಾವ ಕಡೆ ಚಾಚಿದೆ ಎಂಬುದರ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ. ಕಾರವಾರದಿಂದ ಪರೀಕ್ಷಕರು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುವವರಿದ್ದರು. ಅವರು ಬರುವುದು ವರ್ಷಕ್ಕೊಮ್ಮೆ. ಹದಿನೆಂಟು ತುಂಬಿದರೆ ಆಮೇಲೆ ಆ ದರ್ಜೆ ಇಲ್ಲ, ನನಗೆ ಆಗಲೇ ಹದಿನೇಳು. ಹಾಗಾಗಿ ಇದೇ ಕೊನೆಯ ಅವಕಾಶ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಶಾಲೆಗೆ ಚಕ್ಕರ್ ಹೊಡೆದು ನಾನೂ ನನ್ನ ಗೆಳೆಯ ವಾಮನನೂ ಅಭ್ಯಾಸಕ್ಕೆಂದು ಪಕ್ಕದ ಕಡಲೂರು ಬಾಡಕ್ಕೆ ನಡೆದೆವು. ಅವನಿಗೂ ಮರುದಿನ ಅದೇ ಪರೀಕ್ಷೆ. ಬಾಡದ ಕಡಲತೀರದ ಎರಡೂ ತುದಿಯಲ್ಲಿ ಬಂಡೆಗಳಿವೆ, ನಡುವೆ ಉದ್ದಕ್ಕೆ ಮರಳು. ನಮಗೆ ಅಂಥದೇ ಜಾಗ ಬೇಕಿತ್ತು. ವಾಮನ ಆ ತುದಿಯ ಬಂಡೆ ಹತ್ತಿದ, ನಾನು ಈ ತುದಿಯದು. ಅಮ್ಮ ಹಳೆಯ ಕೆಂಪು ಸೀರೆ ಹರಿದು ಹೊಲಿದುಕೊಟ್ಟ ಬಾವುಟ ನನ್ನವು. ಕೆಳಗೆ ಮರಳಿನ ಮೇಲೆ ದೊಡ್ಡ ದೋಣಿ, ಅದರ ತುಂಬ ಬಲೆ, ಸುತ್ತ ಐವತ್ತು ಅರವತ್ತು ಜನ ಹೆಂಗಸರು ಗಂಡಸರು ಸುಮ್ಮನೆ ಕೂತು ಹರಟುತ್ತಿದ್ದರು. ಇವರಿಗೆ ಕೆಲಸವಿಲ್ಲವೇನೋ ಎಂದುಕೊಂಡೆ. ಬುದ್ಧಿವಂತ!

ನಾನು ಕಳಿಸಿದ ಸಂದೇಶವಾದರೂ ಎಂಥದು? "ನಿನ್ನ ಡಬ್ಬಿಯಲ್ಲಿ ತಿಂಡಿ ಏನಿದೆ?" ಅಷ್ಟೆ. ಅದನ್ನು ಕೇಳಿ ಮುಗಿಸುವ ಮೊದಲೇ ಕೆಳಗೆ ಹೋ ಎಂದು ಕೂಗೆದ್ದಿತು. ಜನ ಎದ್ದು ದೋಣಿಗೆ ಕೈಕೊಟ್ಟು ನೀರಿಗೆ ತಳ್ಳಿದರು. ದೋಣಿ ಬಲೆ ಬಿಡುತ್ತ ಕಡಲಿಗೆ ಸಾಗಿತು. ಊರಿಗೆ ಊರೇ ಸೇರಿ ದಡಕ್ಕೆ ಎಳೆಯುವ ದೊಡ್ಡ ರಂಪಣಿ ಬಲೆ ಬೀಸುವುದನ್ನು ಎತ್ತರದಿಂದ ನೋಡುವ ಭಾಗ್ಯ ಸಿಕ್ಕಿತಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ಉತ್ಸಾಹದಲ್ಲಿ ಇನ್ನೂ ಜೋರಾಗಿ ಬೀಸಿದೆ. ನಾನು ಬೀಸಿದಷ್ಟೂ ದೋಣಿ ದೂರ ದೂರ ಹೋಯಿತು.

ಬಲೆ ಅರ್ಧಚಂದ್ರದ ಹಾಗೆ ಸುತ್ತಿ ಬಂದ ಮೇಲೆ ಎರಡು ಕಡೆಯಿಂದ ಹಗ್ಗ ಎಳೆಯಲು ಶುರುಮಾಡಿದರು. ಸ್ಕೌಟ್ ಆದವನು ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು. ಇವತ್ತಿನದು ಇದೇ ಆಗಲಿ ಎಂದು ಬಾವುಟ ಸುತ್ತಿ ಬಂಡೆಯ ಸಂದಿಗಿಟ್ಟು ಕೆಳಗೆ ಓಡಿದೆ. ನಾನೂ ಹಗ್ಗ ಹಿಡಿದೆ. ಪಕ್ಕದಲ್ಲಿ ಎಳೆಯುತ್ತಿದ್ದ ಹೆಂಗಸೊಬ್ಬಳು ನನ್ನ ಖಾಕಿ ಅಂಗಿ ನೋಡಿ, "ಇಸ್ಕೌಟ್ ತಮಾ, ಸೊಂಟ ಬಗ್ಸಿ ಎಳಿಯೋ" ಎಂದು ನಗಿಸಿದಳು. ಎರಡು ತಾಸು ಎಳೆದೆವು. ಅಂಗೈ ಕೆಂಪಾಯಿತು.

ಬಲೆ ದಡಕ್ಕೆ ಬಂತು. ಕಡಲಪಾಚಿ, ಲೋಳೆಮೀನು, ನಾಲ್ಕು ಏಡಿ, ಒಂದು ಬುಟ್ಟಿಯ ತಳ ಮುಚ್ಚುವಷ್ಟು ಪುಡಿ ಮೀನು. ಅಷ್ಟರಲ್ಲಿ ನಾನು ನಿಂತಿದ್ದ ಬಂಡೆಯ ಹಿಂದಿನ ಗುಡ್ಡದ ಆಚೆ ಮಗ್ಗುಲಿನಿಂದ ಒಬ್ಬ ಮುದುಕ ಏದುಸಿರು ಬಿಡುತ್ತ ಇಳಿದು ಬಂದ. ಕೈಯಲ್ಲೊಂದು ಕೆಂಪು ವಸ್ತ್ರ. ಅವನ ಹೆಸರು ಜಟ್ಟಿ. ಎಲ್ಲರೂ ಜಟ್ಟಜ್ಜ ಎನ್ನುತ್ತಿದ್ದರು.

"ಅಲ್ಲಿ ತೆಂಕಕ್ಕೆ ಬಂಗಡೆ ಹಿಂಡು ಹಾದುಹೋಯ್ತು ಮಾರಾಯ್ರಾ! ನೀರೇ ಕಪ್ಪಾಗಿತ್ತು! ಬಲೆ ಎಂತಕ್ಕೆ ಈ ಬದಿಗೆ ಬಿಟ್ರಿ?"

ಬಲೆಯ ಯಜಮಾನ ಹೊನ್ನಪ್ಪ ತಾಂಡೇಲ ಕೆರಳಿ ನಿಂತ. "ನೀನೇ ಅಲ್ದಾ ಬೀಸಿದ್ದು?"

"ನಾ ಬೀಸಲಿಲ್ಲ ಹೊನ್ನಪ್ಪಾ. ನಾ ಆಚೆ ಬದಿಗಿದ್ದೆ. ನೀವು ಬಲೆ ಬಿಟ್ಟಿದ್ದು ಕಂಡು ನಿಮ್ಗೇ ಮೀನು ಕಂಡಿತೇನೋ ಅಂದ್ಕೊಂಡೆ."

"ಬಂಡೆ ಮೇಲೆ ಕೆಂಪು ವಸ್ತ್ರ ಬೀಸಿದ್ದು ಇಷ್ಟೂ ಜನ ಕಂಡಿದ್ದಾರೆ. ನೀ ಬೀಸದೆ ಭೂತ ಬೀಸ್ತಾ? ಕಣ್ಣು ಹೋಯ್ತು ಅಂತ ಹೇಳು ಬೇಕಾದ್ರೆ, ಸುಳ್ಳು ಹೇಳಬೇಡ. ನಾಳೆಯಿಂದ ಗುಡ್ಡಕ್ಕೆ ಬೇರೆಯವ್ರನ್ನ ಕೂರಿಸ್ತೆ. ನೀ ಮನೆಲಿರು."

ಆಗ ನನಗೆ ಹೊಳೆಯಿತು. ಗುಡ್ಡದ ಮೇಲೆ ಒಬ್ಬ ಕಾದು ಕೂರುವುದು, ಮೀನಿನ ಹಿಂಡು ಕಂಡೊಡನೆ ಕೆಂಪು ವಸ್ತ್ರ ಬೀಸುವುದು, ಅವನು ಬೀಸಿದ ದಿಕ್ಕಿಗೆ ದೋಣಿ ಹೋಗುವುದು, ಇದು ಅವರ ಪದ್ಧತಿ. ಕಡಲಿನಿಂದ ಕೂಗಳತೆಯಲ್ಲಿ ಹುಟ್ಟಿ ಬೆಳೆದ ನನಗೆ ಆವತ್ತಿನವರೆಗೂ ಅದು ಗೊತ್ತಿರಲಿಲ್ಲ. ನಮಗೆ ಮೀನು ಗೊತ್ತಿದ್ದದ್ದು ಬುಟ್ಟಿಗೆ ಬಂದ ಮೇಲೆಯೇ.

ಅಷ್ಟರಲ್ಲಿ ವಾಮನ ಬಂದು ಸೇರಿದ್ದ. ಅವನಿಗೂ ವಿಷಯ ಹೊಳೆಯಿತು. ಮೆಲ್ಲಗೆ ನನ್ನ ಅಂಗಿ ಜಗ್ಗಿ, "ಬಾಯಿ ಬಿಡಬೇಡ. ಇವ್ರು ಹೆಡ್ ಮಾಸ್ತರಿಗೆ ಹೋಗಿ ಹೇಳಿದ್ರೆ ನಾಳೆ ಪರೀಕ್ಷೆಗೆ ನಿನ್ನ ಕೂರಿಸ್ತಾರಾ?" ಎಂದ. ನಾನು ಬಾಯಿ ಬಿಡಲಿಲ್ಲ.

ಇದ್ದ ಪುಡಿ ಮೀನನ್ನೇ ತಾಂಡೇಲ ಪಾಲು ಹಾಕಿದ. ಜಟ್ಟಜ್ಜನಿಗೆ ಕೊಡಲಿಲ್ಲ. ಮುದುಕ ಕೇಳಲೂ ಇಲ್ಲ, ದೋಣಿಯ ನೆರಳಿಗೆ ಹೋಗಿ ಕೂತ. ಆಮೇಲೆ ತಾಂಡೇಲ ನನ್ನನ್ನು ಕರೆದು ಎಲೆಯಲ್ಲಿ ಸುತ್ತಿದ ಮೀನು ಕೈಗಿಟ್ಟ. ನಾನು ಬೇಡ ಬೇಡ ಎಂದೆ. "ಹಗ್ಗಕ್ಕೆ ಕೈ ಹಚ್ಚಿದವ್ರನ್ನ ಬರಿಗೈಲಿ ಕಳ್ಸೂದಿಲ್ಲ ತಮಾ. ನಮ್ಮಲ್ಲಿ ಹಾಗಿಲ್ಲ" ಎಂದ. ಬೈದ ಬಾಯಲ್ಲೇ ಇಷ್ಟು ಮೆತ್ತಗೆ ಮಾತು!

ಆ ಮೀನು ಹಿಡಿದುಕೊಂಡು ನಾನು ಹೊರಟೆ. ಹೌದು, ಹೊರಟೇಬಿಟ್ಟೆ. ವಾಮನ ಮುಂದೆ, ನಾನು ಹಿಂದೆ. ತೆಂಗಿನ ತೋಪಿನವರೆಗೆ ನಡೆದೆ. ಅಲ್ಲಿ ಕಾಲು ನಿಂತಿತು. ನನ್ನ ಕೈಯಲ್ಲಿ ಇದ್ದದ್ದು ಆ ಮುದುಕನ ಪಾಲು. ವಾಮನ "ಹುಚ್ಚಾ, ಬಾರೋ" ಎನ್ನುತ್ತಿದ್ದ ಹಾಗೇ ತಿರುಗಿ ಓಡಿದೆ. ಬಂಡೆಯ ಸಂದಿಯಿಂದ ಬಾವುಟ ತಂದೆ. ಎಲ್ಲರೆದುರು ನಿಂತು, "ಬೀಸಿದ್ದು ಜಟ್ಟಜ್ಜ ಅಲ್ಲ, ನಾನು" ಎಂದೆ.

ಒಬ್ಬ ಬಂದು ಕಿವಿ ಹಿಂಡಿದ. ಮತ್ತೊಬ್ಬ ಹೊಡೆಯಲೆಂದೇ ಬಂದ. ತಾಂಡೇಲ ಅವನನ್ನು ತಡೆದ. ಜಟ್ಟಜ್ಜ ಎದ್ದು ಹತ್ತಿರ ಬಂದು, "ಹ್ಯಾಂಗೆ ಬೀಸ್ದೆ? ಬೀಸಿ ತೋರ್ಸು" ಎಂದ. ಬೀಸಿ ತೋರಿಸಿದೆ. ಮುದುಕ ತಲೆದೂಗಿದ. "ಹೊನ್ನಪ್ಪಾ, ಇಂವ ಹೇಳಿದ್ದು, 'ಬಡಗಕ್ಕೆ ಹೋಗಿ, ಇನ್ನೂ ಹೋಗಿ, ಹಿಂಡು ದೊಡ್ಡದಿದೆ' ಅಂತ. ನಲವತ್ತು ವರ್ಷದಲ್ಲಿ ಇಷ್ಟು ಚಂದ ನಾನೂ ಬೀಸಲಿಲ್ಲ" ಎಂದ. ಹೆಂಗಸರು ನಕ್ಕರು. ನನಗೆ ಅಳು ಬಂತು.

ತಾಂಡೇಲ ಮಾತ್ರ ನಗಲಿಲ್ಲ. "ಇಷ್ಟು ಜನರ ಒಂದಿನದ ಕೆಲ್ಸ ನೀರಿಗೆ ಹೋಯ್ತು. ನಾಳೆ ಬೆಳಗಾಗೂದ್ರೊಳಗೆ ಬಂದು ಬಲೆ ಮೇಲೆ ಬರೂವರೆಗೆ ಹಗ್ಗ ಎಳಿಬೇಕು. ಬರ್ತೆಯಾ?"

ವಾಮನ ನಡುವೆ ಬಾಯಿ ಹಾಕಿದ. "ನಾಳೆ ಅವಂಗೆ ಪರೀಕ್ಷೆ ಇದೆ."

"ನಮ್ಗೆ ದಿನಾ ಪರೀಕ್ಷೆಯೇ" ಎಂದ ತಾಂಡೇಲ.

"ಬರ್ತೆ. ಸ್ಕೌಟ್ ಆಗಿ ಮಾತು ಕೊಡ್ತೆ" ಎಂದುಬಿಟ್ಟೆ. ಮೀನನ್ನು ಜಟ್ಟಜ್ಜನ ಕೈಗಿಟ್ಟೆ.

ಮಾತು ಕೊಟ್ಟದ್ದೇನೋ ಕೊಟ್ಟೆ, ದಾರಿಯುದ್ದಕ್ಕೂ ಸಂಕಟ. ಸಂಜೆ ನೇರ ನಮ್ಮ ಸ್ಕೌಟ್ ಮಾಸ್ತರರಾದ ಶಾನಭಾಗ ಮಾಸ್ತರರ ಮನೆಗೆ ಹೋದೆ. ಅವರು ಹೇಗಾದರೂ ನನ್ನನ್ನು ಬಿಡಿಸುತ್ತಾರೆ ಎಂಬ ಆಸೆ. "ನಿನ್ನ ಪರೀಕ್ಷೆ ಮುಖ್ಯ, ನಾನು ತಾಂಡೇಲನಿಗೆ ಹೇಳುತ್ತೇನೆ" ಎಂದರೆ ಸಾಕಿತ್ತು. ಅವರು ಎಲ್ಲ ಕೇಳಿಸಿಕೊಂಡು, "ಏನಂತ ಮಾತು ಕೊಟ್ಟೆ?" ಎಂದರು.

"ಸ್ಕೌಟ್ ಆಗಿ ಅಂತ, ಸರ್."

"ಮತ್ತೆ ನನ್ನ ಎಂತಕ್ಕೆ ಕೇಳೂಕೆ ಬಂದೆ?"

ಅಷ್ಟೇ. ಒಳಗೆ ಕರೆದು ಒಂದು ಲೋಟ ಮಜ್ಜಿಗೆ ಕೊಟ್ಟರು. ಮನೆಯಲ್ಲಿ ಅಪ್ಪ, ಮಾಮಲೇದಾರ ಕಚೇರಿಯ ಕಾರಕೂನ, ಕೂಗಾಡಿದರು. ನಾಲ್ಕು ವರ್ಷ ನೀರಲ್ಲಿ ಹೋಮ ಮಾಡಿದೆಯಲ್ಲೋ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಭಾನುವಾರ ಸೂರ್ಯ ಮೂಡುವ ಹೊತ್ತಿಗೆ ಬಾಡದಲ್ಲಿದ್ದೆ. ಜಟ್ಟಜ್ಜ ಗುಡ್ಡದ ಮೇಲಿಂದ ಕೈಮಾಡಿ ಕರೆದ. ಪಕ್ಕದಲ್ಲಿ ಕೂರಿಸಿಕೊಂಡು, "ನೀರು ಎಲ್ಲಿ ಕಪ್ಪಾಗಿದೆ ನೋಡು, ಹಕ್ಕಿ ಎಲ್ಲಿ ಎರಗ್ತಿದೆ ನೋಡು" ಎಂದು ತೋರಿಸಿದ. ನನಗೆ ಬರೀ ನೀರು ಕಂಡಿತು. ಬಹಳ ಹೊತ್ತಿನ ಮೇಲೆ ಮುದುಕ ಚಂಗನೆ ಎದ್ದು ವಸ್ತ್ರ ಬೀಸಿದ. ದೋಣಿ ಹೊರಟಿತು. ನಾನು ಇಳಿದು ಹಗ್ಗಕ್ಕೆ ಕೈ ಹಚ್ಚಿದೆ. ಬಿಸಿಲು ನೋಡಿ ಹತ್ತು ಗಂಟೆ ಆಗಿರಬೇಕು ಅನ್ನಿಸಿತು. ಈಗ ಶಾಲೆಯ ಮೈದಾನದಲ್ಲಿ ನನ್ನ ಹೆಸರು ಕೂಗುತ್ತಿರುತ್ತಾರೆ. ಕಣ್ಣು ತುಂಬಿತು. ಪಕ್ಕದಲ್ಲಿ ನಿನ್ನೆಯ ಹೆಂಗಸೇ ಇದ್ದಳು. "ಕೈ ಬೊಬ್ಬೆ ಬಂತಾ ತಮಾ?" ಎಂದು ಕೇಳಿದಳು. ಹೌದು ಎಂದೆ.

ಬಲೆ ತುಂಬ ಬಂಗಡೆ. ದಡದ ಮೇಲೆ ಬೆಳ್ಳಿ ಸುರಿದ ಹಾಗೆ. ತಾಂಡೇಲ ದೊಡ್ಡ ಪಾಲು ಮೊದಲು ಜಟ್ಟಜ್ಜನ ಮುಂದೆ ಹಾಕಿದ, ಆಮೇಲೆ ನನ್ನನ್ನು ಕರೆದ. "ಆತು, ನಿಂದೂ ನಂದೂ ಲೆಕ್ಕ ಮುಗೀತು" ಎಂದು ಒಂದು ಬುಟ್ಟಿ ಕೊಟ್ಟ. ಮಧ್ಯಾಹ್ನ ಅಮ್ಮ ಹುರಿದಳು. ಅಪ್ಪ ಊಟಕ್ಕೆ ಕೂತರು. ಎರಡನೆಯ ಸಲ ತಾವಾಗಿಯೇ ಕೇಳಿ ಹಾಕಿಸಿಕೊಂಡರು.

ವಾಮನ ತೇರ್ಗಡೆಯಾದ. ನಮ್ಮ ಶಾಲೆಯ ಮೊದಲ ಕಿಂಗ್ಸ್ ಸ್ಕೌಟ್ ಅವನೇ. ಅವನ ತೋಳಿನ ಆ ಬ್ಯಾಜು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಚ್ಚಿಡುವುದೇಕೆ. ಮುಂದಿನ ವರ್ಷ ಸ್ವಾತಂತ್ರ್ಯದ ಸಡಗರ ಮುಗಿಯುವಷ್ಟರಲ್ಲಿ ನನಗೆ ಹದಿನೆಂಟು ತುಂಬಿತ್ತು. ಆಮೇಲೆ ಹೊನ್ನಾವರದಲ್ಲಿ ಶಾಲಾ ಮಾಸ್ತರನಾಗಿ ಮೂವತ್ತು ವರ್ಷ ಮಕ್ಕಳಿಗೆ ಸ್ಕೌಟ್ ಕಲಿಸಿದೆ. ನನ್ನ ಕೈಯಲ್ಲಿ ಕಲಿತ ಕೆಲವರು ರಾಷ್ಟ್ರಪತಿ ಸ್ಕೌಟ್ ಆದರು. ಆ ದರ್ಜೆಗಾಗಿ ಒದ್ದಾಡಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಒದ್ದಾಡಿದ ಆ ನಾಲ್ಕು ವರ್ಷ ಇಲ್ಲದಿದ್ದರೆ ತೆಂಗಿನ ತೋಪಿನಲ್ಲಿ ನನ್ನ ಕಾಲು ನಿಲ್ಲುತ್ತಿರಲಿಲ್ಲ.

ನನಗೀಗ ಎಂಬತ್ತು ದಾಟಿದೆ. ಬಂಡೆಯ ಮೇಲೆ ಗೊತ್ತಿಲ್ಲದೆ ಬೀಸಿದ್ದಕ್ಕೆ ನಗು ಬರುತ್ತದೆ. ಗೊತ್ತಾದ ಮೇಲೂ ತೋಪಿನವರೆಗೆ ನಡೆದೆನಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ನೀವು ಯಾಕೆ ಕಿಂಗ್ಸ್ ಸ್ಕೌಟ್ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಇಷ್ಟೇ ಹೇಳುತ್ತೇನೆ: ಪರೀಕ್ಷೆಯ ದಿನ ನನಗೆ ಬಾಡದಲ್ಲಿ ಕೆಲಸವಿತ್ತು.