ಬ್ಯಾನಿ ಹೊರಗ ಬೀಳಾಕತ್ತೈತಿ

ನರಗುಂದದ ನಮ್ಮ ಮನೆಯಲ್ಲಿ ಬೆಳಗಿನ ಹತ್ತು ಗಂಟೆಯೆಂದರೆ ನನ್ನ ಫೋನಿನ ಹೊತ್ತು. ಕಿವಿಗೆ ಫೋನು ಹಚ್ಚಿಕೊಂಡು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ತಿರುಗುತ್ತಲೇ ಮಾತಾಡುತ್ತೇನೆ. ಕೂತು ಮಾತಾಡಲು ನನಗೆ ಬರುವುದೇ ಇಲ್ಲ. ಕಾಳಿನ ದಲಾಲಿ ಅಂಗಡಿ ನಡೆಸುವ ನಮ್ಮ ಯಜಮಾನರು, "ಒಂದ ಕಡೆ ಕುಂದ್ರವಾ ತಾಯಿ, ನೆಲ ಸವದು ಹೋಗೂದೈತಿ" ಎಂದು ಚಾಷ್ಟಿ ಮಾಡಿ ಟೊಪ್ಪಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಅವರಿಗೇನು, ತೊಗರಿಗೆ ಭೇದಿಯಾಗುವುದಿಲ್ಲ, ಕಡಲೆಗೆ ಕೆಮ್ಮು ಬರುವುದಿಲ್ಲ.

ನಾನು ಫೋನು ಮಾಡುವುದು ಕ್ಯಾನ್ಸರಿನವರಿಗೆ. ಹುಬ್ಬಳ್ಳಿಯಲ್ಲಿ ಒಂದು ಸಂಸ್ಥೆಯಿದೆ. ಇಮ್ಯುನೊಥೆರಪಿ ಅನ್ನುವ ಹೊಸ ಚಿಕಿತ್ಸೆಯ ಸಂಶೋಧನೆಗೆ ಅದು ದೇಣಿಗೆ ಕೂಡಿಸುತ್ತದೆ, ಆ ಔಷಧ ಕೊಳ್ಳಲಾಗದವರಿಗೆ ಅದನ್ನು ಸಿಗುವ ಹಾಗೆ ಮಾಡುತ್ತದೆ, ದವಾಖಾನೆಗೆ ಬಂದವರಿಗೆ ಇಳಿದುಕೊಳ್ಳಲು ಜಾಗ ಕೊಡುತ್ತದೆ. ಹೊಳೆಆಲೂರಿಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಔಷಧ ಸಿಕ್ಕದ್ದು ಅವರಿಂದಲೇ. ಅಕ್ಕ ಉಳಿಯಲಿಲ್ಲ. ಆದರೆ ಹಾಸಿಗೆ ಹಿಡಿದವಳು ಎದ್ದು ಕೂತು, ಕೊನೆಯ ವರ್ಷ ತನ್ನ ಕೈಯಾರೆ ರೊಟ್ಟಿ ಬಡಿದು ಮೊಮ್ಮಕ್ಕಳಿಗೆ ತಿನ್ನಿಸಿ ಹೋದಳು. ಅವಳ ದಿನಕರ್ಮ ಮುಗಿದ ಮೇಲೆ ಮನೆಯಲ್ಲಿ ಸುಮ್ಮನಿರಲಾಗದೆ ನಾನೇ ಹೋಗಿ, "ನನಗೂ ಏನರ ಕೆಲಸ ಹಚ್ಚರ್ರಿ" ಎಂದು ಕೇಳಿದೆ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ಕಡೆಯ ರೋಗಿಗಳನ್ನು ನನಗೆ ವಹಿಸಿದರು.

ಈ ಔಷಧದ ಸ್ವಭಾವ ನಾನು ಹೇಳುವುದು ಹೀಗೆ: "ಇದು ತಾನ ಹೋಗಿ ಕ್ಯಾನ್ಸರ್ ಗಡ್ಡಿ ಕೊಲ್ಲೂದಿಲ್ರಿ. ಮನಿ ನಾಯಿ ಮಲಗೇತಿ, ಕಳ್ಳ ಒಳಗ ಬಂದಾನ. ಔಷಧ ಆ ನಾಯೀನ್ನ ಎಬ್ಬಸ್ತೈತಿ. ಎದ್ದ ನಾಯಿ ಕಳ್ಳನ್ನ ಕಡೀತೈತಿ. ಒಮ್ಮೊಮ್ಮಿ ಮನ್ಯಾನವ್ರನ್ನೂ ಕಡೀತೈತಿ." ಮನೆಯವರನ್ನು ಕಡಿಯುವುದೆಂದರೆ ಪುಪ್ಪಸ ಬಾಯುವುದು, ಕರುಳು ಹುಣ್ಣಾಗುವುದು. ಮೊದಲ ದಿನವೇ ಹೇಳಿದರೆ ಗುಳಿಗೆಯಲ್ಲಿ ಹತೋಟಿಗೆ ಬರುತ್ತದೆ. ತಡ ಮಾಡಿದರೆ ಜೀವಕ್ಕೇ ಸಂಚಕಾರ. ಅದಕ್ಕೇ ದಿನಾ ಫೋನು. ಕೆಮ್ಮು ಇದೆಯೇ, ಹೊಟ್ಟೆ ಕೆಟ್ಟಿದೆಯೇ, ಮೈಮೇಲೆ ಗಂಧೆ ಎದ್ದಿವೆಯೇ?

ನಮ್ಮ ಕಡೆಯ ಮಂದಿಯನ್ನು ಹೀಗೆ ಕೇಳುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಫೋನೆತ್ತಿದ ಕೂಡಲೇ "ಆರಾಮ ಅದೇವ್ರಿ, ನೀವು ಆರಾಮ?" ಅನ್ನುವುದು ರೂಢಿ. ಸಲೈನ್ ಹಚ್ಚಿಕೊಂಡು ಮಲಗಿದವರೂ ಆರಾಮವೇ. ನಾನು ಬೈದು, ಜಬರಿಸಿ, ಆಣೆ ಹಾಕಿಸಿ ಬಾಯಿ ಬಿಡಿಸುತ್ತೇನೆ.

ಗಜೇಂದ್ರಗಡದಲ್ಲಿ ಒಬ್ಬಳು ಇದ್ದಾಳೆ. ನಲವತ್ತರ ಆಸುಪಾಸಿನವಳು, ಕೈಮಗ್ಗದಲ್ಲಿ ಸೀರೆ ನೇಯುವ ಮನೆತನದ ಸೊಸೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತರೆ ಗಂಡನಿಗಿಂತ ಚುರುಕು. ಮೂತ್ರಪಿಂಡದ ಕ್ಯಾನ್ಸರು, ಆಪರೇಶನ್ ಆಗಿ ವರ್ಷದೊಳಗೆ ಪುಪ್ಪಸದಲ್ಲಿ ಗಂಟುಗಳು ಕಾಣಿಸಿಕೊಂಡವು. ಕೀಮೋದಿಂದ ಆಗುವ ಕೆಲಸವಲ್ಲ, ಈ ಔಷಧವೊಂದೇ ದಾರಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಸಂಸ್ಥೆ ಹೇಗೋ ಹೊಂದಿಸಿತು. ಔಷಧ ಸುರುವಾಗುವ ಮುಂಚೆ ನಾನೇ ಅವರ ಮನೆಗೆ ಹೋಗಿ, ಅವಳನ್ನು ಮುಂದೆ ಕೂಡಿಸಿಕೊಂಡು, ಸಾಲಿ ಹುಡುಗರಿಗೆ ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದ್ದೆ.

"ನೀರಾಗಿ ಹೊರಕಡಿ ಆದ್ರ?"

"ಅವತ್ತ ಫೋನ್ ಮಾಡಬೇಕ್ರಿ ಅಕ್ಕಾರ."

"ಮರುದಿನ?"

"ಮರುದಿನ ಅಲ್ರಿ, ಅವತ್ತss."

ಅವಳ ಅತ್ತೆ ಮಗ್ಗದ ಪಕ್ಕ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದರು. ಎಪ್ಪತ್ತು ದಾಟಿದ ಮುದುಕಿ. ಸೊಸೆಗೆ ಈ ರೋಗವೆಂದು ತಿಳಿದಾಗಿನಿಂದ ಒಂದು ಹೊತ್ತು ಉಣ್ಣುವುದನ್ನು ಬಿಟ್ಟಿದ್ದರು. ಇಟಗಿಯ ಭೀಮಾಂಬಿಕೆಗೆ ಹರಕೆ ಹೊತ್ತಿದ್ದರು. ಅತ್ತೆ ಸೊಸೆಯರೆಂದರೆ ಹಾವು ಮುಂಗುಸಿ ಅನ್ನುವ ಮಾತು ಆ ಮನೆಯಲ್ಲಿ ಸುಳ್ಳಾಗಿತ್ತು. ಮುದುಕಿಗೆ ಹೆಣ್ಣುಮಕ್ಕಳಿಲ್ಲ, ಸೊಸೆಗೆ ತಾಯಿಯಿಲ್ಲ.

ಮೊದಲ ಸ್ಕ್ಯಾನಿನಲ್ಲಿ ಗಂಟುಗಳು ಸಣ್ಣಗಾಗಿದ್ದವು. ಆ ದಿನ ನಾನು ಯಜಮಾನರಿಗೆ ಕರದಂಟು ತರಿಸಿ ತಿನ್ನಿಸಿದೆ. ಆದರೂ ನನಗೆ ಸಮಾಧಾನವಿಲ್ಲ. ನಾಯಿ ಎದ್ದಿದೆ, ಇನ್ನು ಯಾರನ್ನು ಕಡಿಯುತ್ತದೋ ಎಂದು ದಿನಾ ಫೋನು, ದಿನಾ ಅದೇ ಪ್ರಶ್ನೆ. ಅವಳದು ದಿನಾ ಅದೇ ಉತ್ತರ.

"ಆರಾಮ ಅದೇನ್ರೀ ಅಕ್ಕಾರ."

ಒಂದು ದಿನ ಅವಳ ದನಿ ನನಗೆ ಸರಿಬರಲಿಲ್ಲ. "ಯಾಕ, ದನಿ ಸಣ್ಣ ಆಗೇತಿ?" ಎಂದೆ. "ನಿದ್ದಿ ಆಗಿಲ್ರಿ, ಅಷ್ಟ" ಎಂದಳು. ಮರುದಿನವೂ ಅದೇ ಸಣ್ಣ ದನಿ. "ಹೊಟ್ಟಿ?" ಎಂದೆ. "ಹೊಟ್ಟಿ ಚಲೋ ಅದ್ರಿ" ಎಂದು ಫೋನು ಇಟ್ಟಳು. ಹೆಸರುಬೇಳೆ ಆರಿಸಲು ಕೂತರೆ ಹರಳು ಬೇಳೆಯ ಕಡೆಗೆ, ಬೇಳೆ ಹರಳಿನ ಕಡೆಗೆ ಹಾಕುತ್ತಿದ್ದೆ. ತಡೆಯಲಾಗದೆ ಮತ್ತೆ ಫೋನು ಮಾಡಿದೆ. ಈ ಸಲ ಮುದುಕಿ ಎತ್ತಿದರು.

"ಆಕಿ ಹಿತ್ತಲಕ್ಕ ಹೋಗ್ಯಾಳವಾ ತಂಗಿ. ನನ್ನ ಕೇಳು, ನಾ ಹೇಳ್ತೇನಿ. ಭಾಳ ಚಲೋ ಆತು ನೋಡು! ಬ್ಯಾನಿ ಹೊರಗ ಬೀಳಾಕತ್ತೈತಿ!"

"ಹಂಗಂದ್ರ ಏನ್ರಿ ಆಯಿ?"

"ನಾಕ ದಿನಾ ಆತು, ಹಗಲೆಲ್ಲಾ ಹೋಗೂದು ಬರೂದು. ಬರೇ ನೀರು. ಒಳಗಿನ ಹೊಲಸೆಲ್ಲಾ ತೊಳಕೊಂಡು ಹೊಂಟೈತಿ. ಇವತ್ತ ಒಂಚೂರು ನೆತ್ತರಾನೂ ಬಿತ್ತು. ಕೆಟ್ಟ ನೆತ್ತರ ಪೂರಾ ಹೋಗ್ಲಿ ಅಂತ ನಾನ ಒಂದ ಚಮಚೆ ಔಡಲ ಎಣ್ಣಿ ಕುಡಿಸೇನಿ."

ಮುದುಕಿಯ ದನಿಯಲ್ಲಿ ಅಂಥ ಹಿಗ್ಗನ್ನು ನಾನು ಹಿಂದೆ ಕೇಳಿರಲಿಲ್ಲ. ನಮ್ಮ ಕಡೆ ಹಿಂದೆ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಔಡಲ ಎಣ್ಣೆ ಕುಡಿದು ಹೊಟ್ಟೆ ತೊಳೆದುಕೊಳ್ಳುತ್ತಿದ್ದರು. ಜ್ವರ ಬರಲಿ, ಕಜ್ಜಿಯಾಗಲಿ, ಮೊದಲು ಜುಲಾಬು. ಹೊರಗೆ ಬಿದ್ದರೆ ರೋಗ ಹೋಯಿತೆಂದೇ ಲೆಕ್ಕ. ನನ್ನ ಅವ್ವನೂ ನನ್ನ ಮೂಗು ಹಿಡಿದು ಅದೇ ಎಣ್ಣೆ ಕುಡಿಸಿದವಳೇ. ಆದರೂ ಆ ಗಳಿಗೆಯಲ್ಲಿ ನಾನು ಕೂಗಿಬಿಟ್ಟೆ.

"ಅಯ್ಯಯ್ಯ ಆಯೀ! ಕೆಲಸ ಕೆಡಿಸಿದ್ರಿ! ಬ್ಯಾನಿ ಅಲ್ರಿ, ಜೀವ ಹೊಂಟೈತಿ! ಲಗೂನ ಗಾಡಿ ಮಾಡ್ರಿ, ಹುಬ್ಬಳ್ಳಿಗೆ ಹೊಂಡ್ರಿ!"

ಆ ಕಡೆ ಮುದುಕಿ ಮಗನನ್ನು ಕೂಗಿ ಕರೆಯುವುದು ಕೇಳಿಸಿತು.

ಡಾಕ್ಟರಿಗೆ ಫೋನು ಮಾಡಿದೆ. ಹುಬ್ಬಳ್ಳಿಯವಳೇ, ನನ್ನ ಮಗಳ ವಯಸ್ಸಿನ ಹುಡುಗಿ. "ಕರುಳಿಗೆ ಬಿದ್ದದ. ಒಂದು ಗಳಿಗಿನೂ ತಡಾ ಮಾಡಬ್ಯಾಡ್ರಿ, ಬೆಡ್ ಇಟ್ಟಿರ್ತೇನಿ" ಎಂದಳು. ಗಜೇಂದ್ರಗಡದಿಂದ ಹೊರಟ ಅವರ ಕಾರು ಹೇಗೂ ರೋಣದ ಮೇಲೆ ಹಾಯ್ದು ನರಗುಂದಕ್ಕೆ ಬರಬೇಕು. ನಾನು ಚೀಲಕ್ಕೆ ಎರಡು ಸೀರೆ ತುರುಕಿಕೊಂಡು ಹೋಗಿ ಬಸ್‌ಸ್ಟ್ಯಾಂಡಿನ ಮುಂದೆ ನಿಂತೆ. ನಿಂತೆ ಎಂದರೆ ಸುಳ್ಳು. ಕಬ್ಬಿನ ಹಾಲಿನ ಅಂಗಡಿಯಿಂದ ಚಪ್ಪಲಿ ಹೊಲಿಯುವವನ ತನಕ ತಿರುಗಾಡಿದೆ, ಹತ್ತು ಸಲ ಫೋನು ಮಾಡಿದೆ. "ಎಲ್ಲೀಗಿ ಬಂದ್ರಿ?" "ರೋಣ ದಾಟೇವ್ರಿ." "ಈಗ?" "ಬೆಳವಣಕಿ ಹತ್ರ ನಿಲ್ಲಿಸೇವ್ರಿ ಅಕ್ಕಾರ, ಮತ್ತ ಹೋಗಬೇಕಂತ ಆಕಿ." ರಸ್ತೆಯ ಬದಿ, ಬಟಾಬಯಲು ಎರೆಹೊಲ, ಮರೆಗೆ ಒಂದು ಗಿಡವಿಲ್ಲ. ಮುದುಕಿ ತಮ್ಮ ಸೀರೆಯ ಸೆರಗನ್ನೇ ಅಡ್ಡ ಹಿಡಿದು ನಿಂತಿದ್ದರಂತೆ. ಆಮೇಲೆ ಅವಳ ಗಂಡ ಹೇಳಿದ.

ಕಾರು ಬಂದಾಗ ಅವಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿ, "ಆರಾಮ ಅದೇನ್ರೀ ಅಕ್ಕಾರ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. "ಬಾಯಿ ಮುಚ್ಚು!" ಎಂದು ಬೈದು ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ಮೊದಲ ಕೆಲವು ದಿನ ದವಾಖಾನೆಯಲ್ಲಿ ಸ್ಟೀರಾಯ್ಡ್ ಏರಿಸಿದರು, ರಕ್ತ ಕೊಟ್ಟರು. ಕರುಳು ತೂತಾದರೆ ಮುಗಿಯಿತು, ಈಗೇನೂ ಹೇಳಲಿಕ್ಕಾಗುವುದಿಲ್ಲ ಎಂದರು. ಸಂಸ್ಥೆಯವರು ಕೊಟ್ಟ ಕೋಣೆಯಲ್ಲಿ ಹಾಸಿಗೆ ಇತ್ತು, ಮಲಗುವ ಮನಸ್ಸು ಇರಲಿಲ್ಲ. ಮುದುಕಿ ವಾರ್ಡಿನ ಬಾಗಿಲಿಗೆ ಕೂತವರು ಏಳಲಿಲ್ಲ. ನಾನು ಕೂರಲಿಲ್ಲ. ಆಮೇಲೊಂದು ಮುಂಜಾನೆ ಅವಳು ಗಂಜಿ ಕೇಳಿದಳು. ನರ್ಸಮ್ಮ ನಕ್ಕಳು. ಆಗ ನನಗೂ ಹಸಿವಾಯಿತು.

ಅದೇ ದಿನ ಸಂಶೋಧನೆಯ ಕಡೆಯವನೊಬ್ಬ ಸಣ್ಣ ಡಬ್ಬಿ ಹಿಡಿದುಕೊಂಡು ಬಂದ. ಈ ಔಷಧ ಕೆಲವರ ಕರುಳಿಗೇ ಯಾಕೆ ಬೀಳುತ್ತದೆಂದು ಅವರು ಹುಡುಕುತ್ತಿದ್ದಾರೆ, ಅದಕ್ಕೆ ಅವಳ ರಕ್ತವೂ ಮಲವೂ ಬೇಕು, ಒಪ್ಪಿದರೆ ಮಾತ್ರ ಎಂದ. ಮುದುಕಿ ಬಾಯಿಗೆ ಸೆರಗು ಹಚ್ಚಿಕೊಂಡರು. "ಶಿವನ, ಹೊಲಸು ಡಬ್ಬ್ಯಾಗ ಇಟ್ಕೊಂಡು ಏನ್ ಮಾಡ್ತಾನಂತವಾ ಇಂವಾ!" ಅವಳು ಮಾತ್ರ, "ಒಯ್ಯಲಿ ಬಿಡ್ರಿ ಅತ್ತಿ, ನಾಳಿ ಯಾರಿಗರ ಉಪಯೋಗ ಆದೀತು" ಎಂದು ಒಪ್ಪಿದಳು.

ಮಧ್ಯಾಹ್ನ ಡಾಕ್ಟರು ನನ್ನನ್ನೂ ಅವಳ ಗಂಡನನ್ನೂ ತನ್ನ ಕೋಣೆಗೆ ಕರೆದಳು. ಜೀವ ಉಳಿದಿದೆ. ಆದರೆ ಕರುಳು ಇಷ್ಟು ಹದಗೆಟ್ಟ ಮೇಲೆ ಆ ಔಷಧವನ್ನು ಅವಳಿಗೆ ಇನ್ನು ಯಾವತ್ತೂ ಕೊಡುವ ಹಾಗಿಲ್ಲ.

"ಮೊದಲನೇ ದಿನ ಹೇಳಿದ್ರ?" ಎಂದು ಗಂಡ ಕೇಳಿದ. ಅವನು ಆಡಿದ್ದೇ ಅಷ್ಟು.

ಡಾಕ್ಟರು ಮೇಜಿನ ಕಡೆ ನೋಡಿದಳು. "ಮೊದಲನೇ ದಿನ ಹೇಳಿದ್ರ ಗುಳಿಗ್ಯಾಗ ಹಿಡೀತಿದ್ವಿ. ಔಷಧಾನೂ ಮುಂದುವರಸಬಹುದಿತ್ತೇನೋ. ಈಗ ಕಾದು ನೋಡೂದು. ನಿಲ್ಲಿಸಿದ ಮ್ಯಾಲೂ ಒಳಗ ಕೆಲಸಾ ನಡದಿರ್ತದ, ಒಮ್ಮೊಮ್ಮಿ."

ಒಮ್ಮೊಮ್ಮೆ! ಆ ಮಾತನ್ನು ಹಿಡಿದುಕೊಂಡು ವಾರ್ಡಿಗೆ ಹೋದೆ. ಗಂಡ ಆಗಲೇ ಅವಳಿಗೆ ಹೇಳಿಬಿಟ್ಟಿದ್ದ. ಅವನು ಔಷಧಿ ಅಂಗಡಿಗೆ ಹೋಗುವವರೆಗೆ ಕಾದಿದ್ದು, ಅವಳು ನನ್ನ ಕೈ ಹಿಡಿದುಕೊಂಡಳು.

"ನೀವು ಹೇಳಿಸಿದ್ದು ನಾ ಮರ್ತಿರಲಿಲ್ರಿ ಅಕ್ಕಾರ. ಅವತ್ತss ಫೋನ್ ಮಾಡಬೇಕಂತ ಗೊತ್ತಿತ್ತು."

"ಮತ್ತ ಯಾಕ? ಯಾಕವಾ ಹಿಂಗ ಮಾಡಿದಿ?"

"ಅತ್ತಿ ಎರಡೂ ಹೊತ್ತು ಉಂಡ್ರರಿ. ಬ್ಯಾನಿ ಹೊಂಟೈತಿ ಅಂತ ಓಣಿ ತುಂಬ ಹೇಳಿ ಬಂದ್ರು. ವರ್ಷದ ಮ್ಯಾಲ ನಕ್ಕಿದ್ರು ನೋಡ್ರಿ. ಇವತ್ತೊಂದ ದಿನ ಇರ್ಲಿ, ನಾಳೆ ಹೇಳಿದ್ರಾತು ಅನ್ಕೋತ ಹೋದೆ."

ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು. ಎರಡೂ ಮಾಡಲಿಲ್ಲ. ಅವಳು ಕೈ ಬಿಡಲಿಲ್ಲ.

"ಔಷಧ ನಿಂತದ್ದು ಯಾಕಂತ ಅತ್ತಿಗಿ ತಿಳೀಬಾರದ್ರಿ. ತಿಳದ್ರ ಆ ಜೀವ ಉಳ್ಯೂದಿಲ್ಲ. ಕೋರ್ಸ್ ಮುಗೀತು ಅಂತ ಹೇಳಿಬಿಡ್ರಿ. ನಿಮ್ಮ ಮಾತು ನಂಬ್ತಾರ."

ಹೊರಗೆ ಮುದುಕಿ ಮೆಟ್ಟಿಲ ಮೇಲೆ ಕೂತು ಸೊಸೆಯ ಸೀರೆ ಹಿಂಡಿ ಕೊಡವುತ್ತಿದ್ದರು. ನಾನು ಮುಖ ಗಟ್ಟಿ ಮಾಡಿಕೊಂಡು ಎದುರು ನಿಂತೆ.

"ಆಯಿ, ಇನ್ನ ಔಷಧ ಬ್ಯಾಡಂತ್ರಿ. ಕೋರ್ಸ್ ಪೂರಾ ಮುಗೀತಂತ. ಚಿಂತಿ ಮಾಡಬ್ಯಾಡ್ರಿ."

ಅವರು ಸೀರೆಯ ನಿರಿಗೆಗಳನ್ನು ಬಿಡಿಸುತ್ತಲೇ ಇದ್ದರು.

"ಸುಳ್ಳು ಹೇಳಾಕ ನಿನಗ ಬರೂದಿಲ್ಲವಾ ತಂಗಿ. ಡಾಕ್ಟರ್ ಖೋಲಿ ಬಾಗಲದಾಗ ನಿಂತಿದ್ದೆ ನಾ. ಎಲ್ಲಾ ಕೇಳೇನಿ."

ನಾನು ಅವರ ಪಕ್ಕದಲ್ಲೇ ಕೂತೆ. "ನೀವು ಫೋನಿನ್ಯಾಗ ಹೇಳಿದ್ದಕ್ಕ ಆಕಿ ಇವತ್ತ ಗಂಜಿ ಉಂಡ್ಳು, ಆಯಿ. ನೀವು ಬಾಯಿ ಬಿಡದಿದ್ರ ಆಕಿ ಇರ್ತಿದ್ದಿಲ್ಲ. ಇದು ಖರೇ ಐತ್ರಿ, ದೇವರಾಣಿ."

"ಅದೂ ಖರೇ ಇರಬೇಕು. ಇದೂ ಖರೇ." ಅವರು ಕಣ್ಣೊರೆಸಿಕೊಳ್ಳಲಿಲ್ಲ, ಕಣ್ಣಲ್ಲಿ ನೀರು ಇರಲೂ ಇಲ್ಲ. "ಒಂದ ಮಾತು ನಡಸಿಕೊಡು. ನನಗ ತಿಳದೈತಿ ಅಂತ ಆಕಿಗಿ ಹೇಳಬ್ಯಾಡ. ಹೇಳಿದ್ರ ಮತ್ತ ನನ್ನ ಮುಂದ ಆಕಿ ನಗೂದಿಲ್ಲ."

ಗೋಡೆ ಹಿಡಿದು ಎದ್ದು, ಸೀರೆಯನ್ನು ಹೆಗಲಿಗೆ ಹಾಕಿಕೊಂಡು ವಾರ್ಡಿನೊಳಗೆ ಹೋದರು. "ಮುಗೀತಂತಲ್ಲವಾ ಕೋರ್ಸ್! ಗೆದ್ದಿ ನೋಡು ಮಗಳ!" ಎಂದು ಅವರು ಜೋರಾಗಿ ಹೇಳಿದ್ದು ಕೇಳಿಸಿತು. "ಹೌದ್ರಿ ಅತ್ತಿ, ಮುಗೀತು" ಎಂದು ಅವಳು ನಕ್ಕದ್ದೂ ಕೇಳಿಸಿತು. ಮುಂದಿನ ಸ್ಕ್ಯಾನಿಗೆ ಇನ್ನೂ ಬಹಳ ದಿನಗಳಿದ್ದವು. ನಾನು ಒಳಗೆ ಹೋಗಲಾಗದೆ ಮೆಟ್ಟಿಲ ಮೇಲೆಯೇ ಕೂತು ಅತ್ತುಬಿಟ್ಟೆ.