ಗಾಜಿನ ಕೋಣೆಯವನಿಗೂ ಅಮ್ಮ ಬಂದಿದ್ದಳು

ಆಗೆಲ್ಲ ಸವಣೂರಿನಲ್ಲಿ ಖಾರ, ಅಂದರೆ ಎಣ್ಣೆಯಲ್ಲಿ ಕರಿದ ಕುರುಕಲು ತಿಂಡಿ, ಕಟ್ಟಿಕೊಡುತ್ತಿದ್ದುದು ರದ್ದಿ ಕಾಗದದಲ್ಲಿ. ಹುಬ್ಬಳ್ಳಿಯಿಂದ ಮೂಟೆಗಟ್ಟಲೆ ಬರುತ್ತಿದ್ದ ಆ ರದ್ದಿಯಲ್ಲಿ ಯಾವ ಯಾವುದೋ ದೇಶದ ಚಿತ್ರಪುಸ್ತಕದ ಹಾಳೆಗಳೂ ಇರುತ್ತಿದ್ದವು. ಖಾರ ತಿಂದು, ಎಣ್ಣೆ ಹತ್ತಿದ ಕಾಗದ ನೆಕ್ಕಿ, ಆಮೇಲೆ ಚಿತ್ರ ನೋಡುವುದೇ ನಮ್ಮ ಓದು.

ಒಂದು ಬೇಸಿಗೆ ನನಗೆ ಸಿಡುಬು ಎದ್ದಿತು. ಹಾಗೆನ್ನುವಂತಿರಲಿಲ್ಲ, ‘ಅಮ್ಮ ಬಂದಾಳ’ ಅನ್ನಬೇಕು. ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಬೇವಿನ ಸೊಪ್ಪು ಹಾಸಿ ನನ್ನನ್ನು ಮಲಗಿಸಿದರು. ಒಳಗೆ ಬರುವವಳು ಅವ್ವ ಒಬ್ಬಳೇ. ಗೋಡೆಯ ಕನ್ನಡಿಯನ್ನು ಅವಳು ಯಾವಾಗಲೋ ಮಾಯ ಮಾಡಿದ್ದಳು. ಮೈಯೆಲ್ಲ ಉರಿ, ತುರಿಸಿದರೆ ಬೈಗುಳ. ಹೊರಗೆ ಗೆಳತಿಯರು ಕುಂಟಾಟ ಆಡುವ ಸದ್ದು ಕೇಳಿದರೆ ಬಾಗಿಲಿಗೆ ಕಿವಿ ಹಚ್ಚುತ್ತಿದ್ದೆ. ನನ್ನನ್ನು ಇಲ್ಲೇ ಮರೆತುಬಿಡುತ್ತಾರೆ ಎಂದು ಅತ್ತದ್ದುಂಟು.

ಅಮ್ಮ ಹೋಗುವತನಕ ಮನೆಯಲ್ಲಿ ಒಗ್ಗರಣೆ ಇಲ್ಲ, ಕರಿಯುವುದಂತೂ ಇಲ್ಲವೇ ಇಲ್ಲ. ಆದರೆ ಗೋಡೆಯಾಚೆಗೇ ಹುಸೇನಬೀ ಚಾಚಿಯ ಖಾರದ ಬಾಣಲಿ! ಆ ವಾಸನೆ ಕಿಂಡಿಯಲ್ಲಿ ನುಗ್ಗಿ ಬಂದು ಜೀವ ತಿನ್ನುತ್ತಿತ್ತು. ತಡೆಯಲಾರದೆ ಒಂದು ಮಧ್ಯಾಹ್ನ ಕಿಂಡಿಗೆ ಬಾಯಿಟ್ಟು ಕೂಗಿದೆ.

“ಚಾಚಿ, ಒಂದ್ ಹಿಡಿ ಖಾರ ಕೊಡ್ರಿ. ಅವ್ವಗ ಹೇಳೂದಿಲ್ಲ.”

“ಬ್ಯಾಡ ಬೇಟಿ, ಅಮ್ಮ ಸಿಟ್ಟಾಗ್ತಾಳ. ತಗೋ, ಇದನ್ನ ಮೂಸು, ಸಾಕು,” ಎಂದು ಚಾಚಿ ಖಾಲಿ ಕಾಗದವೊಂದನ್ನು ಒಳಗೆ ತೂರಿಸಿದಳು. ಅಮ್ಮನಿಗೆ ಅಂಜುವುದರಲ್ಲಿ ಅವಳು ನಮಗಿಂತ ಒಂದು ಕೈ ಮುಂದು.

ಮೂಸಿದ ಮೇಲೆ ಬಿಡಿಸಿ ನೋಡಿದೆ. ಚಿತ್ರದಲ್ಲಿ ಗಾಜಿನ ಕೋಣೆಯೊಳಗೆ ಒಬ್ಬ ಹುಡುಗ. ಮುಖ, ತೋಳು, ಎಲ್ಲೆಲ್ಲೂ ಬೊಕ್ಕೆ. ಹೊರಗೆ ದೊಡ್ಡವರು ನಿಂತು ಅವನನ್ನೇ ನೋಡುತ್ತಿದ್ದಾರೆ. ಅವನು ಗಾಜಿಗೆ ಅಂಗೈ ಒತ್ತಿದ್ದಾನೆ, ಅಲ್ಲಿಂದ ಮುಂದಿನ ಕಾಗದ ಹರಿದುಹೋಗಿತ್ತು.

“ಅವ್ವಾ, ಇವಗೂ ಅಮ್ಮ ಬಂದಾಳ ನೋಡ!”

ಅವ್ವ ಕಾಗದವನ್ನು ಬೆಳಕಿಗೆ ಹಿಡಿದಳು. “ಹೌದಲ್ಲವಾ! ಪಾಪ, ಕೂಸಿನ ಮೈತುಂಬ ಎದ್ದಾವ. ಒಂದ್ ಬೇವಿನ ಎಲಿ ಹಾಕಾಕೂ ಯಾರಿಲ್ಲೇನು?” ಎಂದು ನನ್ನ ಹಾಸಿಗೆಯ ಸೊಪ್ಪನ್ನೇ ಚಿವುಟಿ ಅವನ ಮೇಲಿಟ್ಟಳು.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ ಅಪ್ಪನಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಅವ್ವ ಹೊಸ್ತಿಲಲ್ಲಿ ಕಾಗದ ಎತ್ತಿ ಹಿಡಿದಳು, ಅಪ್ಪ ದೂರದಿಂದಲೇ ಅಕ್ಷರ ಕೂಡಿಸಿ ಓದಿದ. “ಇವ ಯಾರು, ಎಲ್ಲಿಂದ ಬಂದ, ಯಾರಿಗೂ ಗೊತ್ತಿಲ್ಲಂತ.”

“ಹೊರಗ ಯಾವಾಗ ಬಿಡ್ತಾರಂತ?”

“ಅದು ಹರದೈತಲ್ಲವಾ.”

ಅಂದಿನಿಂದ ನನಗೆ ಅದೊಂದೇ ಚಿಂತೆ. ಅವನು ಹೊರಗೆ ಬಂದರೆ ನಾನೂ ಬಂದೇನು, ಅವನು ಅಲ್ಲೇ ಉಳಿದರೆ ನನ್ನ ಗತಿಯೂ ಅಷ್ಟೇ. ಉಳಿದ ತುಂಡಿಗಾಗಿ ಚಾಚಿ ರದ್ದಿಯೆಲ್ಲ ತಡಕಾಡಿದಳು. ಸಿಗಲಿಲ್ಲ.

ಕಡೆಗೆ ಬೊಕ್ಕೆಗಳು ಬಾಡಿದವು. ಅಮ್ಮನನ್ನು ಕಳಿಸುವ ದಿನ ಅವ್ವ ಮೊರದಲ್ಲಿ ಮೊಸರನ್ನ, ಬೇವು, ಹಸಿರು ಬಳೆ ಇಟ್ಟಳು. ಅದನ್ನು ಎಲೆತೋಟಗಳಾಚೆ ಊರ ಸೀಮೆ ದಾಟಿಸಿ ಬರಬೇಕು. ಕೋಣೆಯಲ್ಲಿದ್ದ ಸಣ್ಣಪುಟ್ಟದ್ದೆಲ್ಲ ಅದರ ಜೊತೆಗೇ ಹೋಗಬೇಕು. ಅವ್ವ ಕಾಗದಕ್ಕೂ ಕೈ ಹಾಕಿದಾಗ ನಾನು ಚೀರಿದೆ.

“ಕೊಡೂದಿಲ್ಲ! ಅವ ಇನ್ನೂ ಒಳಗದಾನ!”

ಅವ್ವ ಬೈಯಲಿಲ್ಲ. ಅವನ ಹಣೆಗೆ ಅರಿಶಿನ, ಕುಂಕುಮ ಹಚ್ಚಿ, ಮೊಸರನ್ನದ ಪಕ್ಕ ಮಲಗಿಸಿದಳು. “ಹೋಗ್ಲಿ ಬಿಡವಾ. ಅವರವ್ವ ಬಾಗಲದಾಗ ಕಾಯಾಕತ್ತಿರ್ತಾಳ.”

ಹೀಗೆ ಅವನು ನನಗಿಂತ ಮೊದಲೇ ಬಿಡುಗಡೆಯಾಗಿ ಹೋದ. ಸೀಮೆ ದಾಟಿಸಿ ಬಂದ ಅವ್ವ ನನಗೆ ನೀರು ಹಾಕಿ ಹೊರಗೆ ಕರೆದಳು. ತಾಮ್ರದ ಹಂಡೆಯ ನೀರಿನಲ್ಲಿ ನನ್ನ ಮುಖ ಕಂಡು ಬೆಚ್ಚಿ, ಮತ್ತೆ ಕೋಣೆಗೇ ಓಡಿದೆ. ಅವ್ವ ಹೊಸ್ತಿಲಲ್ಲೇ ಕುಳಿತಳು. ನಾನಾಗಿ ಹೊರಗೆ ಬರುವತನಕ ಏಳಲಿಲ್ಲ.

ಮೊನ್ನೆ ಇಂಥ ಚಿತ್ರಪುಸ್ತಕಗಳ ಹುಚ್ಚಿರುವ ಮೊಮ್ಮಗನಿಗೆ ಇದನ್ನು ಹೇಳಿದೆ. ಎಲ್ಲೆಲ್ಲೋ ಹುಡುಕಿ ಅವನೆಂದ: “ಅಜ್ಜಿ, ನಿನ್ನ ಗಾಜಿನ ಕೋಣಿ ಹುಡುಗ ಒಂದ ಕಥಿಯೊಳಗ ಅಷ್ಟ ಬಂದು ಹೋಗ್ಯಾನ. ಹುಟ್ಟು ಹೆಂಗ, ಕಡಿಗೆ ಏನಾದ, ಯಾರೂ ಬರದಿಲ್ಲ.”

ಆ ರೋಗ ಭೂಮಿಯಿಂದಲೇ ಹೋಯಿತು, ಒಳ್ಳೆಯದೇ ಆಯಿತು. ಖಾರ ಈಗ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ಮೂಸಲು ಕಾಗದವಿಲ್ಲ. ನನ್ನ ಕೆನ್ನೆಯ ಕಲೆ ನೋಡಿ ಇವು ಎಲ್ಲಿಂದ ಬಂದವು ಎಂದು ಕೇಳುವವರು ಈಗಲೂ ಇದ್ದಾರೆ. ಹೊಸ್ತಿಲಲ್ಲಿ ಕುಳಿತು ಕಾಯುವವಳು ಮಾತ್ರ ಇಲ್ಲ.